ಇಬ್ಬರಿಗೂ ಕೊಡುವ ಗಣಿ

ಜೆ.ಪಿ. ನಗರದ ಬೋರ್ಡ್ ಗೇಮ್ ಕೆಫೆಯೊಂದರಲ್ಲಿ ಕ್ಯಾಶ್ ಕೌಂಟರಿನ ಪಕ್ಕ ಒಂದು ಹಳೆಯ ಶೂ ಡಬ್ಬಿ ಇರುತ್ತಿತ್ತು. ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಯಾವುದು ತಗೊಂಡರೂ 50' ಎಂದು ಬರೆದಿತ್ತು. ಒಳಗೆ ಯಾರೋ ಆಡಿ ಬಿಟ್ಟ, ಮೂಲೆ ಸವೆದ ಕಾರ್ಡುಗಳ ರಾಶಿ. 2017ರ ಜುಲೈ ತಿಂಗಳ ಒಂದು ಶನಿವಾರ, ಮಳೆ ನಿಲ್ಲಲಿ ಎಂದು ಕಾಯುತ್ತ ಆ ಡಬ್ಬಿಯನ್ನು ಕೆದಕುತ್ತಿದ್ದಾಗ ನನಗೆ 'ಹೌಲಿಂಗ್ ಮೈನ್' ಸಿಕ್ಕಿತು. ಕನ್ನಡದಲ್ಲಿ ಹೇಳಬೇಕೆಂದರೆ, ಊಳಿಡುವ ಗಣಿ.

ಅದರ ಮೇಲೆ ಬರೆದದ್ದನ್ನು ಎರಡು ಸಲ ಓದಿದೆ. ಇಷ್ಟು ದಡ್ಡ ಕಾರ್ಡನ್ನು ಯಾಕಾದರೂ ಮಾಡಿದ್ದಾರೋ ಅನ್ನಿಸಿತು. ಅದು ದಡ್ಡ ಕಾರ್ಡಲ್ಲ ಎಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಅದರ ಉಪಯೋಗಗಳಲ್ಲಿ ಒಂದನ್ನು ನಾನು ಆಟದ ಮೇಜಿನ ಹೊರಗೂ ಬಳಸಿದೆ. ಈ ಬರಹ ಅದರ ಬಗ್ಗೆ.

ಮೊದಲು ಆಟವನ್ನು ಸ್ವಲ್ಪ ಹೇಳಬೇಕು. 'ಮ್ಯಾಜಿಕ್: ದ ಗ್ಯಾದರಿಂಗ್' 1993ರಲ್ಲಿ ಅಮೆರಿಕದಲ್ಲಿ ಬಂದ ಆಟ. ರಚಿಸಿದವರು ಗಣಿತದ ಮೇಷ್ಟ್ರು ರಿಚರ್ಡ್ ಗಾರ್ಫೀಲ್ಡ್. ನಾವು ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯ ಮೇಲೆ ಆಡುವ ರಮ್ಮಿಯಲ್ಲಿ ಎಲ್ಲರಿಗೂ ಸೇರಿದ ಕಟ್ಟಿನಿಂದ ಎಲೆಗಳನ್ನು ಹಂಚುತ್ತಾರೆ. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಕಾರ್ಡುಗಳಲ್ಲಿ ತನಗೆ ಬೇಕಾದ್ದನ್ನು ಕೊಂಡು, ಅದಲು ಬದಲು ಮಾಡಿಕೊಂಡು, ಪ್ರತಿಯೊಬ್ಬನೂ ಕನಿಷ್ಠ 60 ಕಾರ್ಡುಗಳ ತನ್ನದೇ ಕಟ್ಟನ್ನು ಮನೆಯಲ್ಲೇ ಜೋಡಿಸಿಕೊಂಡು ಬರುತ್ತಾನೆ. ಮೂಲ ಭೂಮಿಯ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಮೈಸೂರಿನಲ್ಲಿ ಕೂತು ಗಂಜೀಫಾದ ಹೊಸ ಹೊಸ ಆಟಗಳನ್ನು ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟ ಖಂಡಿತ ಇಷ್ಟವಾಗುತ್ತಿತ್ತು. ನಮ್ಮಮ್ಮನಿಗೆ ಆಗಲಿಲ್ಲ. "ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಇಸ್ಪೀಟು ಹಿಡಿದ್ಯಾ?" ಎಂದು ಕೇಳಿದರು.

ಆಟಗಾರರಿಬ್ಬರಿಗೂ ಇಪ್ಪತ್ತು ಅಂಕದ ಪ್ರಾಣ, ಕೈಯಲ್ಲಿ ಏಳು ಕಾರ್ಡು. ಪ್ರತಿ ಸರದಿಗೆ ಕಟ್ಟಿನಿಂದ ಒಂದೇ ಒಂದು ಕಾರ್ಡು ಎಳೆದುಕೊಳ್ಳಬೇಕು. ಭೂಮಿಯ ಕಾರ್ಡುಗಳು 'ಮಾನಾ' ಕೊಡುತ್ತವೆ. ಇದು ಮಾನ ಮರ್ಯಾದೆಯ ಮಾನವಲ್ಲ, ಮಂತ್ರ ಹಾಕಲು ಬೇಕಾದ ಶಕ್ತಿ. ಆಟದ ದುಡ್ಡು ಅನ್ನಿ. ಅದನ್ನು ಖರ್ಚು ಮಾಡಿ ಪ್ರಾಣಿಗಳನ್ನೋ ಮಂತ್ರಗಳನ್ನೋ ಇಳಿಸಬೇಕು. ಮಾನಾಕ್ಕೆ ಐದು ಬಣ್ಣ. ಕೆಂಪಿನ ಕಾರ್ಡಿಗೆ ಕೆಂಪು, ಹಸಿರಿನದಕ್ಕೆ ಹಸಿರು. ಆರ್ಟಿಫ್ಯಾಕ್ಟ್ ಎಂಬ ಜಾತಿಯ ಕಾರ್ಡುಗಳಿಗೆ ಮಾತ್ರ ಸಾಮಾನ್ಯವಾಗಿ ಬಣ್ಣದ ಹಂಗಿಲ್ಲ. ಅವು ಯಂತ್ರ, ಉಂಗುರ, ಗೋಪುರ, ಗಡಿಯಾರ ಇಂಥ ವಸ್ತುಗಳು. ಯಾವ ಬಣ್ಣದವನ ಕಟ್ಟಿನಲ್ಲೂ ಸಲ್ಲುತ್ತವೆ. 2016ರಲ್ಲಿ ಈ ಆಟದವರು ಭಾರತವನ್ನು ನೋಡಿ ಕಲ್ಪಿಸಿದ 'ಕಲಾದೇಶ್' ಎಂಬ ಲೋಕವನ್ನು ತಂದರು. ಸೀರೆ ಉಟ್ಟ ಸಂಶೋಧಕಿಯರು, ಹಿತ್ತಾಳೆಯ ಕುಸುರಿ ಯಂತ್ರಗಳು, ತುಂಬ ಆರ್ಟಿಫ್ಯಾಕ್ಟುಗಳು. ಆ ಲೋಕದ ಹೆಸರನ್ನು 2025ರಲ್ಲಿ 'ಆವಿಷ್ಕಾರ್' ಎಂದು ಬದಲಿಸಿದರು. ನಾವು ಕೆಲವರು ಈ ಆಟಕ್ಕೆ ಬಿದ್ದದ್ದು ಆ ಕಲಾದೇಶದ ಪ್ಯಾಕೆಟ್ಟುಗಳಿಂದ.

ಹೌಲಿಂಗ್ ಮೈನ್ ಅದಕ್ಕಿಂತ ಬಹಳ ಹಳೆಯದು. 1993ರ ಮೊಟ್ಟಮೊದಲ ಮುದ್ರಣದಲ್ಲೇ ಇದ್ದ ಆರ್ಟಿಫ್ಯಾಕ್ಟ್. ಬೆಲೆ ಎರಡು ಮಾನಾ, ಅಂದರೆ ಎರಡನೇ ಸರದಿಗೇ ಇಳಿಸಬಹುದು. ಅದು ಮಾಡುವುದು ಇಷ್ಟೇ: ಯಾರ ಸರದಿಯೇ ಇರಲಿ, ಕಾರ್ಡು ಎಳೆಯುವ ಹೊತ್ತಿಗೆ ಈ ಗಣಿ ನೆಟ್ಟಗೆ ಇದ್ದರೆ, ಆ ಆಟಗಾರ ಇನ್ನೊಂದು ಕಾರ್ಡು ಎಳೆಯುತ್ತಾನೆ. ನನಗೂ ಎರಡು, ಎದುರಾಳಿಗೂ ಎರಡು.

ದಡ್ಡತನ ಎಲ್ಲಿದೆ ನೋಡಿ. ನನ್ನ ಸರದಿಯಲ್ಲಿ ನಾನು ಕಾರ್ಡು ಎಳೆದು ಮುಗಿದ ಮೇಲೆ ತಾನೇ ಗಣಿಯನ್ನು ಇಳಿಸುವುದು. ಮುಂದಿನ ಸರದಿ ಎದುರಾಳಿಯದು. ಹಾಗಾಗಿ ನನ್ನ ದುಡ್ಡಿನಲ್ಲಿ ತೋಡಿದ ಗಣಿಯ ಮೊದಲ ಫಸಲು ಅವನಿಗೆ. ಅವನು ಆ ಹೆಚ್ಚಿನ ಕಾರ್ಡನ್ನು ಎಳೆದುಕೊಂಡು, ಅದೇ ಸರದಿಯಲ್ಲಿ ಗಣಿಯನ್ನು ಒಡೆದುಹಾಕಿದರೆ ನನಗೆ ಸಿಕ್ಕಿದ್ದು ಸೊನ್ನೆ. ಕಾರ್ಡೂ ಹೋಯಿತು, ಎರಡು ಮಾನಾವೂ ಹೋಯಿತು, ಅವನ ಕೈ ತುಂಬಿತು. ಒಡೆಯದೆ ಬಿಟ್ಟರೂ ಲೆಕ್ಕದಲ್ಲಿ ಅವನು ಯಾವಾಗಲೂ ಒಂದು ಹೆಜ್ಜೆ ಮುಂದೆ.

ಹಾಗಿದ್ದರೂ ಜನ ಇದನ್ನು ಆಡುತ್ತಾರೆ. ಕಾರಣಗಳನ್ನು ನಾನು ಒಂದೊಂದಾಗಿ ಕಲಿತೆ.

ಮೊದಲನೆಯದು ಕಟ್ಟನ್ನು ಜೋಡಿಸುವ ರೀತಿಯದು. ಇಬ್ಬರಿಗೂ ಸಮನಾಗಿ ಸಿಕ್ಕರೂ ಇಬ್ಬರಿಗೂ ಸಮನಾಗಿ ದಕ್ಕುವುದಿಲ್ಲ. ಸರದಿಯ ಕೊನೆಗೆ ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡುಗಳಿದ್ದರೆ ಹೆಚ್ಚಿನದನ್ನು ಎಸೆಯಬೇಕು ಎಂಬುದು ನಿಯಮ. ಎದುರಾಳಿಯ ಕಟ್ಟಿನ ತುಂಬ ಐದಾರು ಮಾನಾ ಬೇಡುವ ದೈತ್ಯರಿದ್ದರೆ, ಎರಡೆರಡು ಕಾರ್ಡು ಬಂದರೂ ಅವನು ಸರದಿಗೆ ಒಂದನ್ನೇ ಇಳಿಸಬಲ್ಲ. ಉಳಿದದ್ದು ಕೈಯಲ್ಲೇ ಕೊಳೆಯುತ್ತದೆ. ನನ್ನ ಕಟ್ಟಿನಲ್ಲಿ ಒಂದು, ಎರಡು ಮಾನಾದ ಸಣ್ಣ ಕಾರ್ಡುಗಳೇ ಇದ್ದರೆ ಬಂದದ್ದೆಲ್ಲ ಆಗಿಂದಾಗಲೇ ಕೆಲಸಕ್ಕೆ ಹೋಗುತ್ತದೆ. ಉಣ್ಣುವ ಶಕ್ತಿ ಇದ್ದವನಿಗೇ ಊಟ.

ಎರಡನೆಯದು ಸ್ವಲ್ಪ ಕಿಡಿಗೇಡಿತನದ್ದು. 'ಬ್ಲ್ಯಾಕ್ ವೈಸ್' ಎಂಬ ಒಂದು ಮಾನಾದ ಆರ್ಟಿಫ್ಯಾಕ್ಟ್ ಇದೆ. ಎದುರಾಳಿಯ ಸರದಿ ಶುರುವಾದಾಗ ಅವನ ಕೈಯಲ್ಲಿ ನಾಲ್ಕಕ್ಕಿಂತ ಹೆಚ್ಚಾಗಿ ಇರುವ ಒಂದೊಂದು ಕಾರ್ಡಿಗೂ ಅವನ ಪ್ರಾಣದಲ್ಲಿ ಒಂದೊಂದು ಅಂಕ ಕಡಿತ. ಏಳು ಇದ್ದರೆ ಮೂರು. ಗಣಿ ತುಂಬಿಸುತ್ತ ಹೋಗುತ್ತದೆ, ವೈಸ್ ಹಿಂಡುತ್ತ ಹೋಗುತ್ತದೆ. ಬೇಡ ಬೇಡವೆಂದರೂ ಎಲೆಗೆ ಹೋಳಿಗೆ ಬಡಿಸಿ, ಬಿಟ್ಟದ್ದಕ್ಕೆ ದಂಡ ಹಾಕಿದ ಹಾಗೆ.

ಮೂರನೆಯದು ತಾಳ್ಮೆಯವರ ಆಟ. ಕಟ್ಟು ಬರಿದಾದ ಮೇಲೆ ಕಾರ್ಡು ಎಳೆಯಬೇಕಾಗಿ ಬಂದವನು ಸೋಲುತ್ತಾನೆ. 60ರಲ್ಲಿ ಏಳು ಕೈಗೆ ಬಂದರೆ ಉಳಿಯುವುದು 53. ಸರದಿಗೆ ಒಂದರಂತೆ ಎಳೆದರೆ ಯಾರೂ ಅಲ್ಲಿಯತನಕ ಹೋಗುವುದಿಲ್ಲ. ಒಂದು ಗಣಿ ಇದ್ದರೆ 27ನೇ ಎಳೆತಕ್ಕೆ ಕಟ್ಟು ಮುಗಿಯುತ್ತದೆ. ಎರಡು ಗಣಿ ಇದ್ದರೆ 18ನೆಯದಕ್ಕೆ. ನಾಲ್ಕೂ ಇಳಿದರೆ ಸರದಿಗೆ ಐದು ಕಾರ್ಡು, 11ನೇ ಸರದಿಗೇ ಕಥೆ ಮುಗಿಯಿತು. ನನ್ನದೂ ಅಷ್ಟೇ ವೇಗದಲ್ಲಿ ಕರಗುತ್ತದೆ, ನಿಜ. ಆದರೆ ಕಟ್ಟಿಗೆ ಕನಿಷ್ಠ ಮಿತಿ ಮಾತ್ರ ಇದೆ, ಗರಿಷ್ಠ ಇಲ್ಲ. ನಾನು ಮನೆಯಲ್ಲೇ 70 ಜೋಡಿಸಿಕೊಂಡು ಬಂದಿರುತ್ತೇನೆ.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. 'ಗಣಿ ನೆಟ್ಟಗೆ ಇದ್ದರೆ' ಎಂದೆನಲ್ಲ, ಗುಟ್ಟು ಅಲ್ಲಿದೆ. ಈ ಆಟದಲ್ಲಿ ಬಳಸಿದ ಕಾರ್ಡನ್ನು ಅಡ್ಡ ಮಲಗಿಸುತ್ತಾರೆ. ತನ್ನ ಸರದಿ ಬಂದಾಗ ಎಲ್ಲಕ್ಕಿಂತ ಮೊದಲು ತನ್ನ ಕಾರ್ಡುಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿಕೊಳ್ಳುತ್ತಾನೆ, ಆಮೇಲೆ ಕಾರ್ಡು ಎಳೆಯುತ್ತಾನೆ. ಮೊದಮೊದಲ ವರ್ಷಗಳಲ್ಲಿ ಅಡ್ಡ ಮಲಗಿದ ಇಂಥ ಆರ್ಟಿಫ್ಯಾಕ್ಟುಗಳು ಕೆಲಸ ನಿಲ್ಲಿಸಬೇಕು ಎಂಬ ಸಾಮಾನ್ಯ ನಿಯಮವೇ ಇತ್ತು. 1999ರಲ್ಲಿ ನಿಯಮಗಳನ್ನು ದೊಡ್ಡದಾಗಿ ತಿದ್ದಿದಾಗ ಅದನ್ನು ತೆಗೆದುಹಾಕಿದರು. ಆದರೆ ಹೌಲಿಂಗ್ ಮೈನಿಗೆ ಆ ಷರತ್ತು ಅದರ ಸ್ವಂತ ಮಾತಾಗಿ ಉಳಿಯಿತು.

ಇದರ ಜೊತೆಗೆ 'ಐಸಿ ಮ್ಯಾನಿಪ್ಯುಲೇಟರ್' ಎಂಬ ಇನ್ನೊಂದು ಹಳೆಯ ಆರ್ಟಿಫ್ಯಾಕ್ಟನ್ನು ಇಟ್ಟುಕೊಳ್ಳಿ. ಒಂದು ಮಾನಾ ಕೊಟ್ಟು ಅದನ್ನು ಅಡ್ಡ ಮಲಗಿಸಿದರೆ, ಮೇಜಿನ ಮೇಲಿನ ಇನ್ನೊಂದು ಆರ್ಟಿಫ್ಯಾಕ್ಟನ್ನೋ ಪ್ರಾಣಿಯನ್ನೋ ಭೂಮಿಯನ್ನೋ ಮಲಗಿಸಬಹುದು. ಹೊಸಬರು ಅದನ್ನು ಎದುರಾಳಿಯ ದೈತ್ಯನ ಮೇಲೆ ಪ್ರಯೋಗಿಸುತ್ತಾರೆ. ಪಳಗಿದವನು ತನ್ನ ಗಣಿಯ ಮೇಲೇ ಪ್ರಯೋಗಿಸುತ್ತಾನೆ. ಎದುರಾಳಿಯ ಸರದಿ ಶುರುವಾಗಿ, ಅವನು ಇನ್ನೂ ಕಾರ್ಡು ಎಳೆಯುವ ಮುಂಚೆ, ಗಣಿಯನ್ನು ಮುಚ್ಚಿಬಿಡುವುದು. ಅವನಿಗೆ ಎಂದಿನಂತೆ ಒಂದೇ ಕಾರ್ಡು. ನನ್ನ ಸರದಿ ಬಂದಾಗ ಗಣಿಯೂ ಐಸಿಯೂ ತಾವಾಗಿ ನೆಟ್ಟಗಾಗುತ್ತವೆ. ನನಗೆ ಎರಡು. ಕಾರ್ಡಿನ ಮೇಲೆ 'ಎಲ್ಲರಿಗೂ' ಎಂದೇ ಬರೆದಿರುತ್ತದೆ. ತೆಗೆದುಕೊಳ್ಳುವವನು ನಾನೊಬ್ಬನೇ.

ಈ ಕೈಚಳಕವನ್ನು ನಾನು ಅಭ್ಯಾಸ ಮಾಡಿದ್ದು ಒಬ್ಬ ಗೆಳೆಯನ ಮೇಲೆ. ಅವನು ಕೆಜಿಎಫ್‌ನವನು, ನನ್ನ ಕ್ಲಾಸ್‌ಮೇಟು. ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರ ಜೊತೆ ಒಂದು ರೂಮಿನಲ್ಲಿದ್ದ. ನಮ್ಮ ಮನೆ ಬನಶಂಕರಿಯಲ್ಲಿ. ಅವನ ಮನೆಮಾತು ತಮಿಳು, ನನ್ನೊಡನೆ ಕೋಲಾರದ ಕನ್ನಡ. ಶನಿವಾರ ಊರಿಗೆ ಹೋಗದಿದ್ದರೆ ಕೆಫೆಗೆ ಬರುತ್ತಿದ್ದ. ಸ್ವಂತದ್ದೊಂದು ಕಟ್ಟು ಇರಲಿಲ್ಲ, ನನ್ನದರಲ್ಲೇ ಎರಡು ಮಾಡಿ ಆಡುತ್ತಿದ್ದೆವು. ಕಾರ್ಡಿನ ಹೆಸರು ಓದಿ ಅವನು ನಕ್ಕ.

"ಗಣಿ ಊಳಿಡಲ್ಲ ಮಚ್ಚಾ. ಊಳಿಡೋದು ಶಿಫ್ಟಿನ ಸೈರನ್ನು. ಗಣಿ ಗುಡುಗ್ತದೆ."

ಅವನ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿಯುತ್ತಿದ್ದವರು. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಅಷ್ಟು ಕೆಳಗೆ ಒತ್ತಡ ತಡೆಯದೆ ಬಂಡೆ ಸಿಡಿಯುತ್ತದೆ. ಅದಕ್ಕೆ ರಾಕ್ ಬರ್ಸ್ಟ್ ಎನ್ನುತ್ತಾರೆ. ಆಗಸ್ಟ್‌ನಲ್ಲಿ ಒಮ್ಮೆ ಅವನ ಜೊತೆ ಮಾರಿಕುಪ್ಪಂ ರೈಲು ಹತ್ತಿ ಅವರ ಮನೆಗೆ ಹೋದೆ. ಅವನ ಅಜ್ಜಿ, ರಾತ್ರಿ ಹೊತ್ತು ಗೂಡಿನಲ್ಲಿಟ್ಟ ತಟ್ಟೆ ಲೋಟಗಳು ಗಡಗಡ ಅಂದರೆ ಬೀದಿಯ ಹೆಂಗಸರೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದದ್ದನ್ನು ಹೇಳಿದರು. ಯಾರೂ ಮಾತಾಡುತ್ತಿರಲಿಲ್ಲವಂತೆ. ಯಾರ ಮನೆಯವರು ಆ ಶಿಫ್ಟಿನಲ್ಲಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು.

ಸಂಜೆ ಅವನು ನನ್ನನ್ನು ಸೈನೈಡ್ ದಿಬ್ಬಗಳ ಕಡೆ ಕರೆದುಕೊಂಡು ಹೋದ. ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡಗಳು. ಗಾಳಿ ಬೀಸಿದರೆ ಕಣ್ಣಿಗೆ ಧೂಳು. ಅವನಿಗೆ ತನ್ನ ಊರಿನ ಬಗ್ಗೆ ಹೆಮ್ಮೆ ಬಹಳ. "ಶಿವನಸಮುದ್ರದ ಕರೆಂಟು ನಮ್ಮೂರಿಗೆ ಬಂದದ್ದು 1902ಕ್ಕೆ. ನಿಮ್ಮ ಬೆಂಗಳೂರಿಗೆ 1905ಕ್ಕೆ," ಎಂದು ಆಗಾಗ ಚುಚ್ಚುತ್ತಿದ್ದ. ಅವತ್ತು ಮಾತ್ರ ಇನ್ನೊಂದು ಮಾತು ಸೇರಿಸಿದ. "ಕರೆಂಟು ಬಂದದ್ದು ಮಿಷೀನಿಗೆ." ಆಮೇಲೆ ತುಕ್ಕು ಹಿಡಿದು ನಿಂತಿದ್ದ ಶಾಫ್ಟಿನ ಕಬ್ಬಿಣದ ಗೋಪುರವನ್ನು ತೋರಿಸಿ ಹೇಳಿದ: "ಈ ಗಣಿ ಎಲ್ರಿಗೂ ಕೊಡ್ತು ಅಂತಾರೆ. ಕೊಟ್ಟಿದ್ದು ನಿಜಾನೇ. ಆದ್ರೆ ಯಾರಿಗೆ ಎಷ್ಟು, ಯಾವಾಗ ಮುಚ್ಚೋದು ಅಂತ ತೀರ್ಮಾನ ಮಾಡ್ದೋರು ಯಾರೂ ಕೆಳಗೆ ಇಳೀತಿರ್ಲಿಲ್ಲ." ನೂರಿಪ್ಪತ್ತು ವರ್ಷದಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅವನಪ್ಪ ಆಮೇಲೆ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಬಂದು ಹೋಗಿ ಕೆಲಸ ಮಾಡಿದರು. ಮಗ ಅದೇ ರೈಲು ಹತ್ತಬಾರದು ಎಂದು ಪಿಜಿಗೆ ದುಡ್ಡು ಕಟ್ಟುತ್ತಿದ್ದರು.

ಆ ಸೆಮಿಸ್ಟರಿನಲ್ಲಿ ಕ್ಯಾಂಪಸ್ ಪ್ಲೇಸ್‌ಮೆಂಟು ಶುರುವಾಯಿತು. ಕೊನೇ ವರ್ಷದಲ್ಲಿ ಓದಿದವರಿಗೆ ಆ ದಿನಗಳು ಹೇಗಿರುತ್ತವೆ ಎಂದು ಗೊತ್ತು. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಹಳೆಯ ಪ್ರಶ್ನೆಗಳು, ಕೋಡಿಂಗ್ ಲೆಕ್ಕಗಳು, ಇಂಟರ್‌ವ್ಯೂ ಮುಗಿಸಿ ಬಂದವರು ಹೇಳಿದ್ದು, ಯಾರಿಗೆ ಏನು ಸಿಕ್ಕರೂ ಇಬ್ಬರಿಗೂ. ಅದಕ್ಕೊಂದು ಡ್ರೈವ್ ಫೋಲ್ಡರ್ ಮಾಡಿದೆವು. ಅದಕ್ಕೆ 'ಮೈನ್' ಎಂದು ಹೆಸರಿಟ್ಟವನು ಅವನೇ. ಆ ಇಂಗ್ಲಿಷ್ ಪದಕ್ಕೆ ಗಣಿ ಎಂಬ ಅರ್ಥವೂ ಉಂಟು, ನನ್ನದು ಎಂಬ ಅರ್ಥವೂ ಉಂಟು ಎಂದು ಆಗ ಇಬ್ಬರೂ ನಕ್ಕಿದ್ದೆವು.

ಸೆಪ್ಟೆಂಬರಿನ ಒಂದು ಶುಕ್ರವಾರ ಒಂದು ಕಂಪನಿಯ ಪರೀಕ್ಷೆ ಇತ್ತು. ಸಂಬಳ ಒಳ್ಳೆಯದು, ತೆಗೆದುಕೊಳ್ಳುವವರು ಕಡಿಮೆ. ಅದಕ್ಕೆ ನಾಲ್ಕು ದಿನ ಮುಂಚೆ, ಸೋಮವಾರ, ಸೀನಿಯರ್ ಒಬ್ಬರು ಬೇರೆ ಕಾಲೇಜುಗಳಲ್ಲಿ ಅದೇ ಕಂಪನಿ ಕೇಳಿದ್ದ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿ ನನಗೆ ಕಳಿಸಿದರು. ಹದಿನಾರು ಪುಟ. ಸೋಮವಾರ ರಾತ್ರಿ ಓದಿ ಮುಗಿಸಿ ಫೋಲ್ಡರಿಗೆ ಹಾಕೋಣ ಅಂದುಕೊಂಡೆ. ಮಂಗಳವಾರ, ಇನ್ನೊಂದು ಸಲ ಬಿಡಿಸಿ ಹಾಕೋಣ ಅಂದುಕೊಂಡೆ. ಬುಧವಾರ ಏನೂ ಅಂದುಕೊಳ್ಳಲಿಲ್ಲ. ಗುರುವಾರ ರಾತ್ರಿ ಹನ್ನೊಂದೂವರೆಗೆ ಹಾಕಿದೆ. ಅವನು ಹತ್ತಕ್ಕೆ ಮಲಗುವವನು ಎಂದು ನನಗೆ ಗೊತ್ತಿತ್ತು.

ಹಾಕಿದ ಮೇಲೆ ನೆಮ್ಮದಿಯಾಯಿತು ಎಂಬುದನ್ನೂ ಹೇಳಬೇಕು. ಕೊಟ್ಟೆನಲ್ಲ ಎಂಬ ನೆಮ್ಮದಿ. ಒಪ್ಪಂದ ಮುರಿದಿರಲಿಲ್ಲ. ಫೋಲ್ಡರಿನಲ್ಲಿ ಕಡತ ಇತ್ತು, ಯಾರು ಬೇಕಾದರೂ ನೋಡಬಹುದಿತ್ತು. ಬೆಳಿಗ್ಗೆ ಅವನು ಕಾಲೇಜಿನ ಗೇಟಿನಲ್ಲಿ ಮೊಬೈಲಿನಲ್ಲೇ ಎರಡು ಪುಟ ಓದಿದ. "ಒಳ್ಳೇದು ಸಿಕ್ಕಿದೆ ಮಚ್ಚಾ, ಥ್ಯಾಂಕ್ಸ್," ಅಂದ. ನನಗೆ ಕೆಲಸ ಸಿಕ್ಕಿತು. ಅವನು ಬರಹದ ಪರೀಕ್ಷೆಯಲ್ಲೇ ನಿಂತ. ಮೊದಲೇ ಓದಿದ್ದರೆ ಅವನಿಗೂ ಸಿಗುತ್ತಿತ್ತೋ ಇಲ್ಲವೋ ಯಾರಿಗೂ ಹೇಳಲು ಬರುವುದಿಲ್ಲ. ಬಹಳ ದಿನ ಈ ಮಾತನ್ನೇ ನಾನು ಹಿಡಿದುಕೊಂಡಿದ್ದೆ.

ಡಿಸೆಂಬರಿನಲ್ಲಿ ಅವನಿಗೆ ಇನ್ನೊಂದು ಕಡೆ, ಕಡಿಮೆ ಸಂಬಳಕ್ಕೆ, ಕೆಲಸ ಆಯಿತು. ಆ ಶನಿವಾರ ಕೆಫೆಯಲ್ಲಿ ನಾನೇ ಕಾಫಿ ಕೊಡಿಸಿದೆ. ಆಟಕ್ಕೆ ಕೂತೆವು. ಎರಡನೇ ಸರದಿಗೆ ಗಣಿ ಇಳಿಸಿದೆ. ಅವನು ಎರಡು ಕಾರ್ಡು ಎಳೆದ. ನಾಲ್ಕನೇ ಸರದಿಗೆ ಐಸಿ ಬಂತು. ಆಮೇಲೆ ಪ್ರತಿ ಸಲ ಅವನ ಸರದಿ ಶುರುವಾದ ಕೂಡಲೇ ನಾನು ಒಂದು ಮಾನಾ ಕೊಟ್ಟು ಗಣಿಯನ್ನು ಅಡ್ಡ ಮಲಗಿಸುತ್ತಿದ್ದೆ. ಮೂರನೇ ಸಲಕ್ಕೆ ಅವನು ನಕ್ಕ.

"ಮುಚ್ಚು ಮಚ್ಚಾ, ಮುಚ್ಚು. ಇದು ಎಷ್ಟೋ ವಾಸಿ."

"ಏನು ವಾಸಿ?"

"ಇಲ್ಲಿ ನೀನು ಮುಚ್ಚೋದು ನಂಗೆ ಕಾಣ್ತದೆ."

ನಾನು ಕಾರ್ಡುಗಳನ್ನು ನೋಡುತ್ತ ಕೂತೆ. ಅವನು ದನಿ ಏರಿಸಲಿಲ್ಲ. "ಸೋಮವಾರನೇ ಕಳ್ಸಿದ್ರಂತೆ. ಅಣ್ಣ ಮೊನ್ನೆ ಸಿಕ್ಕಿದ್ರು, ಅವರಾಗೇ ಹೇಳಿದ್ರು," ಅಂದ. ಆಮೇಲೆ ತನ್ನ ಒಂದೇ ಕಾರ್ಡನ್ನು ಎಳೆದುಕೊಂಡು, ಆಟ ಮುಂದುವರಿಸಿದ. ಅವತ್ತು ಆಟವನ್ನು ಗೆದ್ದದ್ದು ನಾನು. ಗೆಲ್ಲದೆ ಇರುವುದು ಹೇಗೆ ಎಂದು ಗೊತ್ತಾಗಲಿಲ್ಲ.

ಹೊರಗೆ ಬಂದ ಮೇಲೆ ಅವನನ್ನು ಬಸ್ ಸ್ಟಾಪಿನ ತನಕ ಬಿಡಲು ಹೋದೆ. ಆಗ ಜಯದೇವ ಫ್ಲೈಓವರ್ ಇನ್ನೂ ಇತ್ತು. ಮೆಟ್ರೋಗಾಗಿ ಅದನ್ನು ಕೆಡವಿದ್ದು 2020ರಲ್ಲಿ. ಅದರ ಕಡೆಯಿಂದ ಬರುವ ವಾಹನಗಳ ಗದ್ದಲದಲ್ಲಿ ನಾನು "ತಪ್ಪಾಯ್ತು ಕಣೋ" ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಅಂದೆ. "ಕೇಳಿಸ್ತು," ಅಂದ. ಬಸ್ಸು ಬಂತು, ಹತ್ತಿಕೊಂಡ.

ಆ ರಾತ್ರಿ ನಾನು ಯೋಚಿಸಿದ್ದು ಹೌಲಿಂಗ್ ಮೈನನ್ನೇ. ಗಣಿಯನ್ನು ಎದುರಾಳಿಯ ಸರದಿಯಲ್ಲಿ ಮುಚ್ಚುವುದು ಮೋಸವೇ? ಅಲ್ಲ. ಈಗಲೂ ಅಲ್ಲ ಎಂದೇ ಹೇಳುತ್ತೇನೆ. ಆರ್ಟಿಫ್ಯಾಕ್ಟುಗಳು ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದಿರುತ್ತವೆ. ಗಣಿ ಇದೆ, ಪಕ್ಕದಲ್ಲಿ ಐಸಿ ಇದೆ, ಎರಡರ ಮೇಲೂ ಏನು ಬರೆದಿದೆ ಎಂದು ಎದುರಾಳಿ ಎತ್ತಿಕೊಂಡು ಓದಬಹುದು. ಓದಿ, ಐಸಿಯನ್ನು ಒಡೆಯುವ ಕಾರ್ಡಿಗೆ ಕಾಯಬಹುದು. ನನ್ನ ಮಾನಾ ಬೇರೆ ಕಡೆ ಖರ್ಚಾಗುವಂತೆ ಮಾಡಬಹುದು. ಹಂಚುವಂತೆ ಕಾಣುವ ಕಾರ್ಡು ಹಂಚುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುವ ವಿಷಯ. ನಾನು ಆ ಗುರುವಾರ ಮಾಡಿದ್ದೂ ಅದೇ ಆಟ. ಅವನ ಸರದಿ ಮುಗಿಯುವ ತನಕ ಗಣಿಯನ್ನು ಅಡ್ಡ ಮಲಗಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಿದ್ದೆ. ಆದರೆ ನನ್ನ ಐಸಿ ಮೇಜಿನ ಮೇಲೆ ಇರಲಿಲ್ಲ. ಮೇಜಿನ ಮೇಲಿದ್ದದ್ದು ಗಣಿ ಒಂದೇ, ಅದರ ಮೇಲೆ 'ಇಬ್ಬರಿಗೂ' ಎಂಬ ಬರಹ.

ಮತ್ತೆ ಅವನು ಕೆಫೆಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅವತ್ತು ನಾಲ್ವರು ಸೇರಿ 'ಕಮಾಂಡರ್' ಆಡುವುದೆಂದು ಆಗಿತ್ತು. ಅದರಲ್ಲಿ ಕಟ್ಟಿಗೆ 100 ಕಾರ್ಡು, ಮೂಲ ಭೂಮಿ ಬಿಟ್ಟು ಒಂದೊಂದು ಹೆಸರಿನದು ಒಂದೊಂದೇ, ಪ್ರಾಣ 40. ಅವನು ನನ್ನ ಹೌಲಿಂಗ್ ಮೈನನ್ನು ಎರವಲು ಕೇಳಿದ. ಐಸಿ ಕೊಡಲು ಹೋದರೆ ಬೇಡ ಅಂದ.

ನಾಲ್ವರ ಆಟದಲ್ಲಿ ಗಣಿಯ ಲೆಕ್ಕ ಇನ್ನೂ ಕೆಟ್ಟದ್ದು. ಒಂದು ಸುತ್ತಿಗೆ ನಾಲ್ಕು ಹೆಚ್ಚಿನ ಕಾರ್ಡು ಹೊರಬಂದರೆ ಇಳಿಸಿದವನಿಗೆ ಒಂದು, ಉಳಿದವರಿಗೆ ಮೂರು. ಆದರೆ ಅಲ್ಲಿ ಅದಕ್ಕೆ ಐದನೆಯದೊಂದು ಉಪಯೋಗವಿದೆ, ನಾನು ಅಲ್ಲಿಯತನಕ ಗಮನಿಸದೆ ಇದ್ದದ್ದು. ಕಾರ್ಡು ಕೊಡುತ್ತಿರುವವನನ್ನು ಮೊದಲು ಹೊಡೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಗಣಿಯನ್ನು ಒಡೆದವನ ಮೇಲೆ ಉಳಿದಿಬ್ಬರಿಗೆ ಸಿಟ್ಟು ಬರುತ್ತದೆ. ಇಬ್ಬರ ನಡುವೆ ದಡ್ಡತನವಾಗುವ ಕೊಡುಗೆ ನಾಲ್ವರ ನಡುವೆ ರಕ್ಷಣೆಯಾಗುತ್ತದೆ. ಅವನು ಅದನ್ನು ಇಳಿಸುತ್ತಲೇ ಬಾಯಿಬಿಟ್ಟು ಹೇಳಿದ: "ಇದು ಇರೋ ತನಕ ಎಲ್ರಿಗೂ ಎರಡು ಕಾರ್ಡು. ನನ್ನ ಮೇಲೆ ಬಂದ್ರೆ ಇದನ್ನ ನಾನೇ ಒಡೀತೀನಿ." ಷರತ್ತೂ ಮೇಜಿನ ಮೇಲೇ. ಹತ್ತು ಸುತ್ತು ಅವನ ತಂಟೆಗೆ ಯಾರೂ ಹೋಗಲಿಲ್ಲ.

ಅವತ್ತಿನ ಒಂದು ಸಂಗತಿ ಮನೆಗೆ ಬಂದ ಮೇಲೆ ಹೊಳೆಯಿತು. ಈ ಆಟದಲ್ಲಿ ಸರದಿ ಎಡಗಡೆಗೆ ಹೋಗುತ್ತದೆ. ಹಾಗಾಗಿ ಗಣಿಯ ಮೊದಲ ಕಾರ್ಡು ಇಳಿಸಿದವನ ಎಡಗಡೆ ಕೂತವನಿಗೆ. ಆಟ ಶುರುವಾಗುವ ಮುಂಚೆ ಎಲ್ಲರೂ ಕುರ್ಚಿ ಎಳೆದುಕೊಳ್ಳುವಾಗ, "ನೀನು ಈ ಕಡೆ ಕೂತ್ಕೋ" ಎಂದು ಅವನು ನನ್ನನ್ನು ತನ್ನ ಎಡಕ್ಕೆ ಕೂರಿಸಿಕೊಂಡಿದ್ದ. ಬೇಕೆಂದೇ ಮಾಡಿದನೋ, ಸುಮ್ಮನೆ ಹೇಳಿದನೋ, ನಾನು ಕೇಳಲಿಲ್ಲ. ಅವತ್ತು ಗೆದ್ದದ್ದು ನಾವಿಬ್ಬರೂ ಅಲ್ಲ.

'ಮೈನ್' ಫೋಲ್ಡರ್ ಆಮೇಲೂ ಒಂದು ವರ್ಷ ಇತ್ತು. ಅವನು ಸಿಕ್ಕಿದ್ದನ್ನೆಲ್ಲ ಹಾಕುತ್ತಲೇ ಇದ್ದ. ನಾನೂ ಬಂದ ಗಳಿಗೆಯಲ್ಲೇ, ಓದುವ ಮುಂಚೆಯೇ ಹಾಕುತ್ತಿದ್ದೆ. ಮೊದಲಿನ ಸಲಿಗೆ ಪೂರ್ತಿ ಮರಳಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನೀಗ ಹೊಸೂರಿನಲ್ಲಿ ಇದ್ದಾನೆ. ಹಬ್ಬಕ್ಕೆ ಫೋನು ಮಾಡುತ್ತೇವೆ. ಬೆಂಗಳೂರಿಗೆ ಬಂದರೆ ಸಿಗುತ್ತಾನೆ. ಅಮ್ಮನಿಗೆ ಅವನೆಂದರೆ ಬಹಳ ಇಷ್ಟ, ಅವನು ಇಸ್ಪೀಟಿನವನೆಂದು ಗೊತ್ತಿದ್ದರೂ.

ಹೌಲಿಂಗ್ ಮೈನ್ ನನ್ನ ಹತ್ತಿರವೇ ಇದೆ. ಐಸಿಗಳೂ ಇವೆ, ತೆಗೆದುಹಾಕಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಬನಶಂಕರಿಗೆ ಬಂದಾಗ ಅವನಿಗೆ ಆಟ ಕಲಿಸಲು ಕೂತೆ. ಹತ್ತು ವರ್ಷದ ಹುಡುಗ. ಎರಡನೇ ದಿನ ಗಣಿಯನ್ನು ಇಳಿಸಿದೆ. ಎರಡೆರಡು ಕಾರ್ಡು ಬಂದದ್ದಕ್ಕೆ ಅವನು ಕುಣಿದಾಡಿಬಿಟ್ಟ. ಐಸಿ ಇಳಿಸಿದಾಗ ಅದರ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿದೆ.

"ಇದು ಯಾಕೆ ಮಾಮಾ?"

"ಗಣಿ ಮುಚ್ಚೋಕೆ."

"ನನ್ನ ಸರದಿ ಬಂದಾಗ್ಲಾ?"

"ಹ್ಞೂಂ."

ಅವನು ತನ್ನ ಕೈಯಲ್ಲಿದ್ದ ಕಾರ್ಡುಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಒಂದನ್ನು ತೆಗೆದು ಬೇರೆಯಾಗಿ ಹಿಡಿದುಕೊಂಡ.

"ಹಾಗಾದ್ರೆ ನಾನು ಮೊದ್ಲು ಅದನ್ನೇ ಒಡೀತೀನಿ," ಅಂದ.